ಎಲ್ಡಾ ಸೊಂಟಕ್ಕೆ ಕಟ್ಟಿಕೊಂಡ ನಾಯಿ

ಮೊಲದ ಬೇಟೆ ಶುರುವಾಗುವ ದಿನ ನಮ್ಮ ಬಯು ಎಂಬ ಜೌಗು ಹೊಳೆಯ ದಂಡೆಯ ಗಂಡಸರಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಅಂಥ ಬೆಳಿಗ್ಗೆ ನನ್ನ ಪಕ್ಕದ ಮನೆಯ ಎಲ್ಡಾ ವೆರ್ಡಿನ್, ನಾಯಿಯ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು, ಬಾಗಿಲಿಗೆ ಅಡ್ಡ ಕೂತು ಸೀಗಡಿ ಸುಲಿಯುತ್ತಿದ್ದಳು.

ನಾಯಿಯ ಹೆಸರು ಕ್ಲೋಷ್, ಅಂದರೆ ಗಂಟೆ. ಅದು ಬೊಗಳಿದರೆ ಕಬ್ಬಿನ ಗದ್ದೆಯ ಆ ತುದಿಗೂ ಕೇಳುತ್ತದೆ. ಎಲ್ಡಾಳ ತೀರಿಕೊಂಡ ಗಂಡ ಸಾಕಿದ್ದ ನಾಯಿ. ಅದೂ ಹೋದರೆ ಆ ಮನೆಯಲ್ಲಿ ಅವಳ ಜೊತೆ ಉಸಿರಾಡುವ ಜೀವ ಇನ್ನೊಂದಿಲ್ಲ.

ನಮ್ಮ ಕಡೆ ಒಂದು ಮೂರ್ಖ ಪದ್ಧತಿ ಇದೆ. ಮೊದಲ ಚಳಿಗಾಳಿ ಬೀಸಿ ಮನೆಮನೆಯಲ್ಲಿ ಗಂಬೋ ಸಾರು ಒಲೆಗೇರಿತೆಂದರೆ ನಾಯಿಗೆ ತಿಂಗಳಿಗೊಮ್ಮೆ ಕೊಡುವ ಹೃದಯಹುಳುವಿನ ಮಾತ್ರೆ ಬಂದ್. ಚಳಿಗೆ ಸೊಳ್ಳೆಗಳೆಲ್ಲ ಸತ್ತವಂತೆ! ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಎದ್ದು ಬರುತ್ತವೆ. ಹುಳುವಿರುವ ನಾಯಿಯ ರಕ್ತ ಕುಡಿದು, ಮರಿಹುಳುಗಳನ್ನು ಇನ್ನೊಂದು ನಾಯಿಗೆ ದಾಟಿಸುತ್ತವೆ. ಅವು ಶ್ಯಾವಿಗೆಯಷ್ಟು ಬೆಳೆದು ಹೃದಯದೊಳಗೆ, ಶ್ವಾಸಕೋಶದ ರಕ್ತನಾಳಗಳೊಳಗೆ ತುಂಬಿಕೊಳ್ಳುತ್ತವೆ. ಮೈದುನ ಯುಲಿಸ್‌ನ ಮಾತು ಕೇಳಿ ಎಲ್ಡಾಳೂ ಹಿಂದಿನ ಚಳಿಗಾಲ ಮಾತ್ರೆ ನಿಲ್ಲಿಸಿದ್ದಳು. ಬೇಸಿಗೆ ಬರುವಷ್ಟರಲ್ಲಿ ಕ್ಲೋಷ್ ಮೆಟ್ಟಿಲು ಹತ್ತಿದರೂ ಕೆಮ್ಮುತ್ತಿತ್ತು.

ನಾಯಿ ಡಾಕ್ಟರಮ್ಮ ಅದರ ಬೆನ್ನಿಗೆ ಹುಳು ಸಾಯಿಸುವ ಸೂಜಿಮದ್ದು ಕೊಟ್ಟು ಗದರಿಸಿ ಕಳಿಸಿದ್ದರು. ಸತ್ತ ಹುಳುಗಳ ಚೂರುಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ, ನಾಯಿ ಓಡಿದರೆ ಪ್ರಾಣಕ್ಕೇ ಸಂಚಕಾರ, ತಾನು ಹೇಳುವವರೆಗೆ ಬಿಡಬಾರದು ಎಂದು.

ಯುಲಿಸ್‌ನ ಟ್ರಕ್ಕು ಬಂದು ನಿಂತಿತು. ಹಿಂದೆ ಅವನ ನಾಯಿಗಳ ಗಲಾಟೆ.

"ಅತ್ತಿಗೆ, ಕ್ಲೋಷನ್ನ ಕಳಿಸಿ. ಅದಿಲ್ದೆ ನಮ್ಮವು ದಾರಿ ತಪ್ತವೆ."

"ತಪ್ಲಿ. ಮನೆಗೆ ಬರೋ ದಾರಿ ನಿಂಗೂ ತಪ್ಲಿ."

"ಒಂದೇ ಒಂದು ಓಟ! ಅಣ್ಣ ಇದ್ದಿದ್ರೆ ಕಳಿಸ್ತಿದ್ದ."

"ನಿಮ್ಮಣ್ಣ ಇದ್ದಿದ್ರೆ ನಿನ್ ಮಾತು ಕೇಳಿ ಮಾತ್ರೆ ನಿಲ್ಲಿಸ್ತಿದ್ನಾ? ನಾನು ನಿಲ್ಲಿಸ್ದೆ, ದಡ್ಡಿ. ಇನ್ನೊಂದ್ಸಲ ಆಗಲ್ಲ. ನಾಯಿ ಬೇಕಂದ್ರೆ ನನ್ನೂ ಎಳ್ಕೊಂಡು ಹೋಗು, ಹಗ್ಗ ಇಲ್ಲೇ ಇದೆ."

ಟ್ರಕ್ಕಿನಲ್ಲಿದ್ದವರು ಹೋ ಎಂದು ನಕ್ಕರು. ಯುಲಿಸ್ ಮುಖ ಊದಿಸಿಕೊಂಡು ಹೊರಟ. ಗದ್ದೆಯಿಂದ ಬೊಗಳು ಕೇಳಿದ್ದೇ ಕ್ಲೋಷ್ ಕೊರಳೆತ್ತಿ ಊಳಿಟ್ಟಿತು. ಎಲ್ಡಾ ಸೀಗಡಿ ಕೈಯಲ್ಲೇ ಅದನ್ನು ತಬ್ಬಿಕೊಂಡು ಅತ್ತಳು. ನಾನು ನೋಡಿದೆ. ನೋಡಿದ್ದು ಅವಳಿಗೂ ಗೊತ್ತು, ಅದಕ್ಕೂ ನನಗೆ ಬೈಗುಳ ಬಿತ್ತು.

ಜನವರಿಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಕ್ಲೋಷ್‌ನ ಕೆಮ್ಮು ನಿಂತು, ಡಾಕ್ಟರಮ್ಮ ಹಗ್ಗ ಬಿಚ್ಚಲು ಹೇಳಿದ್ದರು. ಎಲ್ಡಾ ಆ ಹಗ್ಗವನ್ನೇ ಹೆಗಲಿಗೆ ಹಾಕಿಕೊಂಡು, ನನ್ನನ್ನೂ ನನ್ನ ಟ್ರಕ್ಕನ್ನೂ ಹೊರಡಿಸಿ, ಯುಲಿಸ್‌ನ ಅಂಗಳದಲ್ಲಿ ಇಳಿದಳು. ಅವನ ಗೂಡಿನಲ್ಲಿ ಒಂದು ನಾಯಿ ಕೆಮ್ಮುತ್ತಿತ್ತು.

"ನಿನ್ ನಾಯಿಗಳನ್ನೆಲ್ಲಾ ಟ್ರಕ್ಕಿಗೆ ಹತ್ಸು. ಮೊದ್ಲು ಡಾಕ್ಟರಮ್ಮನ ಹತ್ರ ರಕ್ತ ಪರೀಕ್ಷೆ, ಆಮೇಲೆ ವರ್ಷಪೂರ್ತಿ ಮಾತ್ರೆ."

"ನನ್ ನಾಯಿ ಮುಟ್ಟೋಕೆ ನಿಮಗ್ಯಾರು ಹೇಳಿದ್ರು?"

"ನಿನ್ ಅಂಗಳದ ಸೊಳ್ಳೆ ನನ್ ನಾಯಿ ಕಚ್ಚೋವಾಗ ನನ್ನ ಕೇಳುತ್ತಾ?"

ಗೂಡಿನೊಳಗೆ ನಾಯಿ ಮತ್ತೆ ಕೆಮ್ಮಿತು. ಯುಲಿಸ್ ಗೂಡಿನ ಚಿಲಕ ತೆಗೆದ.