ಗೋದಾ ಕಾಕೂ ಮತ್ತು ಉಳಿದರ್ಧ ಸಲೈನ್

ಮರಾಠಿ ಸೀಮೆಯ ಚಿಂಚವಾಡದ ಆಸ್ಪತ್ರೆಯ ಕೋಣೆಯಲ್ಲಿ ಅಂದು ನಾಲ್ವರಿದ್ದೆವು: ಹಾಸಿಗೆಯಲ್ಲಿ ನಮ್ಮ ಪಕ್ಕದ ಮನೆಯ ವೆಂಕಣ್ಣ ಕಾಕಾ, ಅವರ ಕಾಲೊತ್ತುತ್ತಿದ್ದ ಹೆಂಡತಿ ಗೋದಾ ಕಾಕೂ, ಜಮಖಂಡಿ ಕಡೆಯ ನರ್ಸ್ ಸುವರ್ಣಾ, ಊಟದ ಡಬ್ಬಿ ತಂದ ನಾನು.

ಕಾಕೂ ಎಂದೂ ಏನನ್ನೂ ಚೆಲ್ಲಿದವರಲ್ಲ. ಉಳಿದ ಚಪಾತಿ ಮುರಿದು ಒಗ್ಗರಣೆ ಹಾಕಿದರೆ ಮುಂಜಾನೆಯ ಕುಸ್ಕರಾ. ಹರಿದ ಸೀರೆ ಹೊಲಿದರೆ ಹೊದೆಯಲು ಕೌದಿ. "ಚೆಲ್ಲಿದ್ದು ಮತ್ತ ಬಾ ಅಂದ್ರ ಬರತದೇನು?" ಎಂಬುದು ಅವರ ಮಾತು.

ಕಾಕಾನ ಕೈ ಬಾತಿತ್ತೆಂದು ಸುವರ್ಣಾ ಸಲೈನ್ ಬಿಚ್ಚಿದಳು. ಬಾಟಲಿಯಲ್ಲಿ ಅರ್ಧ ಉಳಿದಿತ್ತು.

"ಅದನ್ನೆಲ್ಲಿ ಒಯ್ಯಾಕತ್ತಿ, ನಮ್ಮವ್ವ?"

"ಚೆಲ್ಲಬೇಕ್ರಿ ಕಾಕೂ. ಒಮ್ಮೆ ಬಿಚ್ಚಿದ್ದು ಮತ್ತ ಹಚ್ಚಂಗಿಲ್ರಿ."

"ಹನಿ ಕಸಾ ಇಲ್ಲ, ತಿಳಿ ಅದ. ನಾಳೆ ಹಚ್ಚೂದಽ ಅದ ಅಲ್ಲ? ಜಮಖಂಡಿ ಹುಡುಗಿಗೆ ಚೆಲ್ಲೂದು ಯಾರು ಕಲಿಸಿದ್ರು?"

ಸುವರ್ಣಾ ನಕ್ಕಳು. ಕಾಕೂ ಕಟ್ಟಿದ ಶೇಂಗಾ ಉಂಡಿ ತಿಂದವಳು. ಊರ ಕಡೆಯ ಹಿರಿಯರಿಗೆ ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಬಾಟಲಿ ಮಂಚದ ಬದಿಯ ಕಂಬಕ್ಕೇ ತೂಗಿಕೊಂಡು ಉಳಿಯಿತು.

ಮರುದಿನ ಸುವರ್ಣಾ ಅದನ್ನೇ ಹಚ್ಚಿದ ಸ್ವಲ್ಪ ಹೊತ್ತಿಗೆ ಕಾಕಾ ಗಡಗಡ ನಡುಗತೊಡಗಿದರು. ಕಾಕೂ ಕೌದಿಯ ಮೇಲೆ ಕೌದಿ ಹೊದಿಸಿದರು. ಓಡಿ ಬಂದ ಡಾಕ್ಟರು ಸಲೈನ್ ನಿಲ್ಲಿಸಿ, ಬಾಟಲಿಯನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದಿದ್ದವು. ನೀರು ತಿಳಿಯಾಗಿದ್ದರೂ ಅವು ಕಣ್ಣಿಗೆ ಕಾಣುವುದಿಲ್ಲವೆಂದು ಡಾಕ್ಟರು ಮರಾಠಿಯಲ್ಲಿ ತಿಳಿಸಿ ಹೇಳಿದರು. ನಂಜು ಆಗಲೇ ರಕ್ತಕ್ಕೇರಿತ್ತು. ಕಾಕಾ ಮನೆಗೆ ಬರಲಿಲ್ಲ.

ಹೊರಗೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದ ಸುವರ್ಣಾಳ ಕೈ ಹಿಡಿದುಕೊಂಡೇ ಕಾಕೂ ಡಾಕ್ಟರ ಮುಂದೆ ಹೋಗಿ ನಿಂತರು.

"ಆಕಿ ಚೆಲ್ಲತೀನಿ ಅಂದಿದ್ಲ್ರಿ. ಚೆಲ್ಲಗೊಡದಾಕಿ ನಾನು."

ಕುಸ್ಕರಾ, ಕೌದಿ ಆಮೇಲೂ ನಡೆದವು. "ಚೆಲ್ಲಿದ್ದು ಮತ್ತ ಬಾ ಅಂದ್ರ ಬರತದೇನು" ಎಂಬ ಮಾತನ್ನು ಮಾತ್ರ ಅವರ ಬಾಯಲ್ಲಿ ಮತ್ತೆ ಕೇಳಲಿಲ್ಲ.

ಹೋದ ಮಳೆಗಾಲ ಕಾಕೂ ಅದೇ ಆಸ್ಪತ್ರೆಯಲ್ಲಿ ಮಲಗಿದರು. ಒಂದು ಮಧ್ಯಾಹ್ನ ಹೊಸ ನರ್ಸೊಬ್ಬಳು ಅರ್ಧ ಇಳಿದ ಸಲೈನ್ ಬಿಚ್ಚಿ, ಬಾಟಲಿಯನ್ನು ಕಂಬಕ್ಕೇ ಬಿಟ್ಟು ಹೊರಟಳು. ಕಾಕೂ ಅವಳನ್ನು ಮರಾಠಿಯಲ್ಲಿ ಕರೆದು, ತಮ್ಮ ಕಣ್ಣ ಮುಂದೆಯೇ ಅದನ್ನು ಚೆಲ್ಲಲು ಹೇಳಿದರು. ಅವಳು ಮೂಲೆಯ ಬೇಸಿನ್ನಿಗೆ ಸುರಿದಳು. ಸದ್ದು ನಿಲ್ಲುವವರೆಗೂ ಕಾಕೂ ಅತ್ತಲೇ ನೋಡುತ್ತಿದ್ದರು.

ಆಮೇಲೆ ನಾನು ತಂದ ಡಬ್ಬಿಯಿಂದ ಎರಡು ತುತ್ತು ಉಂಡು, "ಉಳದದ್ದು ನೀ ಉಣ್ಣಪಾ, ಚೆಲ್ಲಬ್ಯಾಡ" ಎಂದರು.

ಅವರೂ ಮನೆಗೆ ಬರಲಿಲ್ಲ. ಅವರು ಉಳಿಸಿದ ಆ ಅನ್ನವನ್ನು ನಾನು ಅಂದೇ ಅಲ್ಲಿ, ಅವರ ಮಂಚದ ಬದಿಗೆ ಕೂತು, ಉಂಡಿದ್ದೆ.