ಹೀರೋ ನೋಡದ ಬೆಕ್ಕು

ಹಳೆಯ ನಗೆಚಿತ್ರ ನೋಡುವಾಗ ನೀಲವ್ವ ಆಯಿ ನಗುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ, ಪರದೆಯ ಮೂಲೆ ಮೂಲೆಯಲ್ಲಿ ಬೆಕ್ಕು ಹುಡುಕುತ್ತಿದ್ದಳು. ಬೈಲಹೊಂಗಲದ ಟಾಕೀಸಿನಲ್ಲಿ ಹೆಂಗಸರ ಬಾಗಿಲು ಕಾಯುತ್ತಿದ್ದವಳು. ಟಾಕೀಸು ಮುಚ್ಚಿದ ಮೇಲೆ ನಮ್ಮ ಪಕ್ಕದ ಮನೆಯ ಕಟ್ಟೆ, ನನ್ನ ಮೊಬೈಲು, ಇವೇ ಅವಳ ಟಾಕೀಸು.

"ಬೆಕ್ಕಿಲ್ಲದ ನಗಿ ಪಿಚ್ಚರ ಅಂದ್ರ ಉಪ್ಪಿಲ್ಲದ ಪಲ್ಯಾ" ಅನ್ನುತ್ತಿದ್ದಳು. ಹಿಟ್ಟಿನ ಡಬ್ಬಿಯಿಂದ ಬೆಳ್ಳಗಾಗಿ ಏಳುವ ಬೆಕ್ಕು, ಕಳ್ಳನ ಚೀಲದೊಳಗಿನ ಬೆಕ್ಕು, ಗಂಡ ಹೆಂಡತಿ ಜಗಳಾಡುವಾಗ ಮೆಲ್ಲಗೆ ಹಾಲು ಮುಗಿಸುವ ಬೆಕ್ಕು, ಎಲ್ಲವೂ ಅವಳಿಗೆ ಪರಿಚಯ. ಒಮ್ಮೆ ಚಿತ್ರ ನಿಲ್ಲಿಸಲು ಹೇಳಿ, "ಇದರ ಕಣ್ಣ ನೋಡ ತಂಗಿ. ಹೀರೋನ ಕಡೆ ಅದಾವೇನು? ಕ್ಯಾಮರಾದ ಬಾಜೂಕ ಯಾರೋ ಮೀನ ಹಿಡಕೊಂಡ ನಿಂತಾರ" ಅಂದಳು. ಅಂದಿನಿಂದ ನಾನೂ ಬೆಕ್ಕಿನ ಕಣ್ಣನ್ನೇ ನೋಡತೊಡಗಿದೆ.

ಎಲ್ಲಕ್ಕೂ ಮಿಗಿಲಾದ ಬೆಕ್ಕು ಮಾತ್ರ ಒಂದೇ. ಒಂದು ಕಪ್ಪು ಬಿಳುಪು ಚಿತ್ರದಲ್ಲಿ ಹೀರೋ ಮದುಮಗನಾಗಿ ಕುಳಿತಿರುವಾಗ ಕರಿಬೆಕ್ಕೊಂದು ಅವನ ಮುಖದ ಮೇಲೇ ಹಾದುಹೋಗುತ್ತದಂತೆ. "ಮೂಗಿನ ಮ್ಯಾಲ ಬಾಲಾ ಆಡಿಸಿದ್ರೂ ಕಣ್ಣ ಪಿಳಕ್ ಅನಸಲಿಲ್ಲ. ಅದಕ್ಕಂತಾರ ನಟನಾ!" ನಾನು ಪಿಯುಸಿಯಲ್ಲಿದ್ದಾಗ ಆ ಚಿತ್ರ ಅದೇ ಟಾಕೀಸಿನಲ್ಲಿ ಮ್ಯಾಟಿನಿಗೆ ಮತ್ತೆ ಬಂದಿತ್ತು, ನಾನೂ ನೋಡಿದ್ದೆ. ಬೆಕ್ಕು ನನಗೂ ನೆನಪಿತ್ತು. ಕಂಡದ್ದೋ, ಅವಳಿಂದ ಕೇಳಿ ಕೇಳಿ ಕಂಡಂತಾದದ್ದೋ, ಹೇಳಲಾರೆ.

ಕಳೆದ ವರ್ಷ ಆ ಚಿತ್ರ ಮೊಬೈಲಿನಲ್ಲಿ ಸಿಕ್ಕಿತು. ಆಯಿ ಸೊಸೆ ಶಾಂತಾಳನ್ನೂ ಕರೆದು ಕೂರಿಸಿಕೊಂಡಳು. ಮದುವೆಯ ದೃಶ್ಯ ಬಂತು, ಹೋಯಿತು. ಬೆಕ್ಕಿಲ್ಲ. ಮೂರು ಸಲ ಹಿಂದಕ್ಕೆ ಓಡಿಸಿದೆ.

"ಕತ್ತರಿಸ್ಯಾರ" ಅಂದಳು ಆಯಿ.

"ಇರದ ಬೆಕ್ಕ ಎಲ್ಲಿಂದ ಕತ್ತರಸ್ತಾರ್ರೀ ಅತ್ತಿ?" ಶಾಂತಾ ನಗುತ್ತ ಒಳಗೆ ಹೋದಳು.

ಆಯಿಯ ದನಿ ಇಳಿಯಿತು. "ಅರಳು ಮರಳು ಅಂತಾಳ ನನಗ. ಗುಳಿಗಿ ನುಂಗೇನಿ ಅಂದ್ರ ನಂಬಂಗಿಲ್ಲ, ಡಬ್ಬಿ ತಗದು ಎಣಸ್ತಾಳ. ಇನ್ನ ಮ್ಯಾಲ ಊಟಾ ಮಾಡೇನಿ ಅಂದ್ರೂ ನಂಬಂಗಿಲ್ಲ. ನೀನೂ ನೋಡೀಯಲ್ಲ? ಖರೇ ಹೇಳು."

ನೋಡಿದ್ದೇನೆ ಅಂದುಬಿಡಬಹುದಿತ್ತು. ನನಗೆ ಖಾತ್ರಿ ಇರಲಿಲ್ಲ. ಅವಳ ಹಳೆಯ ಪ್ರಶ್ನೆಯನ್ನೇ ಅವಳಿಗೆ ಕೇಳಿದೆ: "ಆ ಬೆಕ್ಕಿನ ಕಣ್ಣ ಯಾವ ಕಡೆ ಇದ್ವು ಆಯಿ?"

ಆಯಿ ಕಣ್ಣು ಕಿರಿದು ಮಾಡಿದಳು. "ಕಣ್ಣ... ಇರಲೇ ಇಲ್ಲ. ಮೀಸಿನೂ ಇರಲಿಲ್ಲ. ಬರೇ ಕರ್ರಗ. ಹೀರೋಗಿಂತ ದೊಡ್ಡದು." ಆಮೇಲೆ ಮೊಣಕಾಲಿಗೆ ಪಟ್ಟನೆ ಹೊಡೆದುಕೊಂಡಳು. "ಅಯ್ಯ, ಅದು ನಮ್ಮ ಚಿಂಗಿ! ಇಲಿ ಬರ್ತಾವಂತ ಪಿಚ್ಚರ ಬಿಡೋ ಮಶೀನ ಖೋಲಿಯೊಳಗ ಸಾಕಿದ್ವಿ. ಬೆಳಕಿನ ಕಿಂಡಿ ಮುಂದ ಹಾದೈತಿ, ನೆರಳ ಪರದೇ ಮ್ಯಾಲ ಬಿದ್ದೈತಿ! ಪಾಪ, ಹೀರೋಗ ಗೊತ್ತ ಇಲ್ಲ!"

ನಗೆಚಿತ್ರಕ್ಕೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅಂದೇ. ಶಾಂತಾ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಗುಳಿಗೆಯ ಡಬ್ಬಿ ತಂದು ಅತ್ತೆಯ ಮಡಿಲಲ್ಲಿಟ್ಟಳು. "ನಿಮ್ಮ ಹಂತ್ಯಾಕ ಇರಲಿ. ನಾ ಎಣಸಂಗಿಲ್ಲ."

ಈ ಬೇಸಿಗೆಯಲ್ಲಿ ಆಯಿ ತೀರಿಕೊಂಡಳು. ಆ ನೆರಳು ನನಗೀಗ ಸ್ಪಷ್ಟವಾಗಿ ನೆನಪಿದೆ. ಟಾಕೀಸಿನಲ್ಲಿ ಕಂಡದ್ದೋ, ಕಟ್ಟೆಯ ಮೇಲೆ ಹುಟ್ಟಿದ್ದೋ ಎಂಬ ಅನುಮಾನವೂ ಇದೆ. ಒಮ್ಮೊಮ್ಮೆ ಶಾಂತಾ ಬಂದು ಪಕ್ಕದಲ್ಲಿ ಕೂರುತ್ತಾಳೆ, ಆ ಚಿತ್ರ ಹಚ್ಚುತ್ತೇವೆ. ಮದುವೆಯ ದೃಶ್ಯ ಬಂದಾಗ ಅವಳು ಮೊಬೈಲಿನ ಮುಂದೆ ಒಂದು ಬೆರಳನ್ನು ಎಡದಿಂದ ಬಲಕ್ಕೆ ನಿಧಾನ ಹಾಯಿಸುತ್ತಾಳೆ.

ಹೀರೋ ಕಣ್ಣು ಮಿಟುಕಿಸುವುದಿಲ್ಲ.