ಜ್ಯೂರಿಕ್‌ನ್ಯಾಗ ಮುಂಡಗೋಡದಾಕಿ ಸಿಕ್ಕಳು

ಸ್ವಲ್ಪ ತಡೀರಿ, ಇದನ್ನ ಓದಿನ ಮುಂದ ಹೋಗ್ರಿ. ಒಂದು ಸೆಮಿಸ್ಟರ್ ಓದಾಕಂತ ಹಳಿಯಾಳದಿಂದ ಜ್ಯೂರಿಕ್‌ಗೆ ಬಂದು ಎರಡು ತಿಂಗಳಾತು. ಫೋನ್ ಬಿಟ್ರ, ಎದುರಿಗೆ ನಿಂತು ಒಬ್ರ ಕೂಡಾನೂ ಕನ್ನಡ ಮಾತಾಡಿಲ್ಲ. ಇವತ್ತು ಟ್ರಾಮ್ ಸ್ಟಾಪ್ ಹತ್ರ ಒಬ್ಬಾಕಿ ಟಿಬೆಟಿ ಅಕ್ಕನ ಗಾಡ್ಯಾಗ ಮೊಮೊ ತಗೊಂಡು ಗಬಕ್ಕನ ಬಾಯಾಗ ಹಾಕ್ಕೊಂಡೆ.

"ಅಯ್ಯ ಯವ್ವಾ, ನಾಲಗಿ ಸುಟ್ಟ ಹೋತು!"

"ಊದ್ಕೊಂಡು ತಿನ್ನಬೇಕವಾ, ಯಾರರ ಬೆನ್ನ ಹತ್ಯಾರೇನು?" ಅಂದ್ಲು ಆಕಿ.

"ನಿಮಗ ಕನ್ನಡ ಹೆಂಗ ಬರ್ತೈತಿ?" ಅಂತ ಸುಟ್ಟ ಬಾಯಾಗನ ಕೇಳಿದೆ. ಆಕಿ ಹುಟ್ಟಿದ್ದು ಮುಂಡಗೋಡದ ಟಿಬೆಟಿ ಕ್ಯಾಂಪಿನ್ಯಾಗಂತ. ಇಲ್ಲಿಗೆ ಬಂದು ಒಂಬತ್ತು ವರ್ಷ, ಒಮ್ಮೆನೂ ಊರಿಗೆ ಹೋಗಾಕ ಆಗಿಲ್ಲಂತ.

"ಗೋವಿನಜೋಳ ಮುರಿಯಾಕ ಹತ್ತಿರಬೇಕಲಾ ಈಗ?" ಅಂತ ಕೇಳಿದ್ಲು.

ಊರಿಂದ ಕಾಕಾ ಕಳಿಸಿದ್ದ ಮೆಕ್ಕಿಜೋಳದ ಹೊಲದ ಫೋಟೋ ಫೋನಿನ್ಯಾಗ ತೋರಿಸಿದೆ. ಹಿಟ್ಟಿನ ಕೈ ಒರಸ್ಕೊಂಡು ದೊಡ್ಡದು ಮಾಡಿ ಮಾಡಿ ನೋಡಿದ್ಲು.

ಅಷ್ಟೊತ್ತಿಗೆ ನನ್ನ ಟ್ರಾಮ್ ಬಂತು. ಆಕಿ ಇನ್ನೊಂದು ಪ್ಲೇಟ್ ಕೈಗೆ ಇಟ್ಟು, "ಮುಂದಿನದಕ್ಕ ಹೋಗು. ತಿನ್ಕೋತ ಮಾತಾಡು. ಏನರ ಮಾತಾಡು, ನನಗ ಬೈದ್ರೂ ನಡೀತೈತಿ" ಅಂದ್ಲು.

ಮೂರು ಟ್ರಾಮ್ ಬಿಟ್ಟೆ, ಕ್ಲಾಸೂ ತಪ್ಪಿತು.

ನಿಮಗೂ ಹಿಂಗ ಎಲ್ಲೋ ದೂರದಾಗ ನಿಮ್ಮೂರಿನ ಮಾತು ಸಿಕ್ಕಿತ್ತೇನ್ರಿ? ಬರೀರಿ. ನೀವು ಬರದಿದ್ದನ್ನ ನಾಳೆ ಆಕಿಗೆ ಓದಿ ಹೇಳಬೇಕು.